ಹಳೆಯ ಡ್ರಮ್ ಬ್ರೇಕಿನ ಅಂಬಾಸಿಡರ್ ಕಾರು ಬ್ರೇಕ್ ಒತ್ತಿದಾಗ ಎಡಕ್ಕೆ ಎಳೆಯುವುದೇಕೆ?

ಎಡಕ್ಕೆ ಎಳೆದರೆ ಎಡಚಕ್ರವನ್ನೇ ದೂರುವುದು ಸಹಜ. ಆದರೆ ಬಹಳಷ್ಟು ಸಲ ಬಲ ಮುಂಚಕ್ರದ ಬ್ರೇಕ್ ಸರಿಯಾಗಿ ಹಿಡಿಯದಿರುವುದೇ ಕಾರಣ. ಮೊದಲು ಮುಂದಿನ ಟೈರುಗಳ ಗಾಳಿ ಸಮವಾಗಿದೆಯೇ ನೋಡಿ. ಅನಂತರ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ, ಹಲವು ಬಾರಿ ಬ್ರೇಕ್ ಹಾಕಿ, ಎರಡೂ ಮುಂಚಕ್ರಗಳ ಜೊತೆ ತಿರುಗುವ ದುಂಡನೆಯ ಲೋಹದ ಡಬ್ಬಿಗಳಾದ ಡ್ರಮ್‌ಗಳ ಬಿಸಿಯನ್ನು ಮುಟ್ಟದೆ, ಅಂಗೈಯನ್ನು ಹತ್ತಿರ ಹಿಡಿದು ಹೋಲಿಸಿ: ತಣ್ಣಗಿರುವ ಕಡೆಯ ಬ್ರೇಕ್ ಕೆಲಸ ಮಾಡುತ್ತಿಲ್ಲ. ಆ ಡ್ರಮ್ ಬಿಚ್ಚಿ, ವೀಲ್ ಸಿಲಿಂಡರಿನ (ಬ್ರೇಕ್ ಆಯಿಲಿನ ಒತ್ತಡದಿಂದ ಬ್ರೇಕನ್ನು ಡ್ರಮ್ಮಿಗೆ ಒತ್ತುವ ಪುಟ್ಟ ಭಾಗ) ರಬ್ಬರ್ ಮುಚ್ಚಳವಾದ ಬೂಟನ್ನು ಮೆಲ್ಲಗೆ ಎತ್ತಿದಾಗ ಒಳಗೆ ತೇವ ಕಂಡರೆ ಬ್ರೇಕ್ ಆಯಿಲ್ ಸೋರುತ್ತಿದೆ. ಒಣಗಿದ್ದರೆ ಪಿಸ್ಟನ್ ತುಕ್ಕು ಹಿಡಿದು ಸಿಕ್ಕಿಕೊಂಡಿರಬಹುದು. ಪೆಡಲ್ ಬಿಟ್ಟ ಮೇಲೂ ಎಳೆತ ಮುಂದುವರಿದರೆ ಎಡಗಡೆಗೆ ಬ್ರೇಕ್ ಆಯಿಲ್ ಒಯ್ಯುವ ಹಳೆಯ ರಬ್ಬರ್ ಹೋಸ್ ಒಳಗೆ ಊದಿಕೊಂಡು ಒತ್ತಡವನ್ನು ಹಿಂದಕ್ಕೆ ಬಿಡದಿರುವ ಸಾಧ್ಯತೆಯಿದೆ. ಹೊರಗೆ ಚೆನ್ನಾಗಿಯೇ ಕಾಣುವುದರಿಂದ ಇದು ಸುಲಭವಾಗಿ ಕಣ್ತಪ್ಪುತ್ತದೆ. ಸೋರಿದ ಎಣ್ಣೆ ಕುಡಿದ ಲೈನರನ್ನು (ಡ್ರಮ್ಮಿಗೆ ಉಜ್ಜಿ ಚಕ್ರವನ್ನು ನಿಲ್ಲಿಸುವ ಪಟ್ಟಿ) ತೊಳೆದು ಮತ್ತೆ ಹಾಕಲೇಬೇಡಿ. ಎರಡೂ ಕಡೆಯವನ್ನು ಒಟ್ಟಿಗೇ ಬದಲಿಸಿ.