ಹೊಸ ಕಟ್ಟಡದ ಅಂಗಡಿಗೆ 15 ವರ್ಷದ ಲೆಕ್ಕ

ಪ್ರಶ್ನೆ: ದಾವಣಗೆರೆಯ ಒಂದು ಅಡ್ಡರಸ್ತೆಯಲ್ಲಿ ನನ್ನ ಟೈಲರಿಂಗ್ ಅಂಗಡಿ ಇದೆ. 10 ಅಡಿ ಅಗಲ, 12 ಅಡಿ ಉದ್ದ. ಬಾಡಿಗೆ 3,000 ರೂಪಾಯಿ, ಅಡ್ವಾನ್ಸ್ 40,000. ಕಟ್ಟಡ ಮುಗಿದದ್ದು 2011ರ ಕೊನೆಯಲ್ಲಿ. ನಾನು ಬಂದದ್ದು 2012ರಲ್ಲಿ. 11 ತಿಂಗಳ ಕರಾರು ಒಂದೇ ಸಲ ಆಗಿತ್ತು. ಈಗ ಮಗನಿಗೆ ಮೊಬೈಲ್ ಅಂಗಡಿ ಹಾಕಿಕೊಡಬೇಕು, 15 ದಿನದಲ್ಲಿ ಖಾಲಿ ಮಾಡಿ ಎಂದು ಮಾಲೀಕರು ವಕೀಲರಿಂದ ನೋಟಿಸ್ ಕೊಡಿಸಿದ್ದಾರೆ. ಮಾಡದಿದ್ದರೆ ಬೀಗ ಹಾಕ್ತಾರಂತೆ. "ಕೇಸ್ ಎಳೆಯಿರಿ, 15 ವರ್ಷ ತುಂಬಿದ ಮೇಲೆ ಯಾರೂ ಬಿಡಿಸೋಕಾಗಲ್ಲ" ಎಂದು ಪರಿಚಯದವರು ಹೇಳುತ್ತಾರೆ. ನಿಜವೇ?

ಉತ್ತರ: ತಂಗಿ, ಆ ಮಾತು ನಂಬಿ ಕೂರಬೇಡಿ. ಕೋರ್ಟಿನಲ್ಲಿ ನಾನು ಅತಿ ಹೆಚ್ಚು ಕೇಳಿರುವ ತಪ್ಪು ಸಲಹೆ ಇದೇ.

ಕರ್ನಾಟಕ ಬಾಡಿಗೆ ಕಾಯ್ದೆ 1999, ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ವ್ಯಾಪಾರದ ಜಾಗಗಳಲ್ಲಿ 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿಯೊಳಗಿನ ಚಿಕ್ಕ ಅಂಗಡಿಗಳಿಗೆ ಮಾತ್ರ ಅದರ ರಕ್ಷಣೆ. ನಿಮ್ಮದು 120 ಚದರ ಅಡಿ, ಅಲ್ಲಿಗೆ ಸರಿ. ಬಾಡಿಗೆಗೂ ಒಂದು ಮಿತಿ ಇದೆ: ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000. ನಿಮ್ಮ 3,000ಕ್ಕೆ ಯಾವ ಮಿತಿ ಎಂದು ವಕೀಲರಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ನಿಮಗೆ ಮುಖ್ಯ ತೊಡಕಾಗುವುದು ಬೇರೆ ಕಡೆ. ಹೊಸದಾಗಿ ಕಟ್ಟಿದ ಜಾಗಕ್ಕೆ ಕಟ್ಟಡ ಮುಗಿದ ದಿನದಿಂದ 15 ವರ್ಷ ಈ ಕಾಯ್ದೆ ಅನ್ವಯಿಸುವುದೇ ಇಲ್ಲ. ಜನ ಧೈರ್ಯವಾಗಿ ಕಟ್ಟಡ ಕಟ್ಟಿ ಬಾಡಿಗೆಗೆ ಕೊಡಲಿ ಅನ್ನುವುದು ಇದರ ಉದ್ದೇಶ. ನೀವು ಯಾವಾಗ ಬಂದಿರಿ ಎಂಬುದು ಈ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾದರೆ ಎಳೆದರೆ? ಹರಿಯಾಣದ ಕಾಯ್ದೆಯಲ್ಲಿ ಇಂಥದೇ 10 ವರ್ಷದ ವಿನಾಯಿತಿ ಇದೆ. ಅಲ್ಲಿನ ಒಬ್ಬ ಮಾಲೀಕರು ಆ ಅವಧಿಯೊಳಗೆ ದಾವೆ ಹಾಕಿದರು, ದಾವೆ ನಡೆಯುತ್ತಿರುವಾಗಲೇ 10 ವರ್ಷ ತುಂಬಿತು. ಇನ್ನು ನನಗೆ ರಕ್ಷಣೆ ಇದೆ ಎಂದು ಬಾಡಿಗೆದಾರರು ವಾದಿಸಿದರು. 1988ರಲ್ಲಿ, ಆತ್ಮಾರಾಮ್ ಮಿತ್ತಲ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ದಾವೆ ಹಾಕಿದ ದಿನವೇ ಮುಖ್ಯ ಎಂದಿತು. ಮಾಲೀಕರ ವಕೀಲರು ಈ ತೀರ್ಪನ್ನು ಖಂಡಿತ ಮುಂದಿಡುತ್ತಾರೆ. ಮುಖ್ಯವಾಗಿ, 15 ವರ್ಷ ತುಂಬಿದರೂ ಮಗನಿಗೆ ನಿಜವಾಗಿ ಅಂಗಡಿ ಬೇಕಿದ್ದರೆ ಬಾಡಿಗೆ ಕಾಯ್ದೆಯಲ್ಲೇ ಖಾಲಿ ಮಾಡಿಸಲು ಅವಕಾಶ ಇದೆ.

ಆದ್ದರಿಂದ ಮೊದಲು ಕಟ್ಟಡ ಮುಗಿದ ದಿನ ಯಾವುದು ಎಂದು ಹುಡುಕಿ. ಬಾಯಿಮಾತು ಸಾಲದು. ಪಾಲಿಕೆಯಲ್ಲಿ ಮೊದಲ ಸಲ ತೆರಿಗೆ ಹಾಕಿದ ದಾಖಲೆ, ಬೆಸ್ಕಾಂ ಮೀಟರ್ ಕೊಟ್ಟ ದಿನಾಂಕ, ಇವೆಲ್ಲ ಸಾಕ್ಷಿ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಪಡೆಯಬಹುದು. 15 ವರ್ಷ ಆಗಲೇ ತುಂಬಿದೆ ಎಂದು ಗೊತ್ತಾದರೆ ನಿಮ್ಮ ಕೇಸಿನ ದಿಕ್ಕೇ ಬದಲಾಗುತ್ತದೆ. ಆಮೇಲೆ ನವೀಕರಣ ಮಾಡಿಸಿದ್ದೇವೆ, 15 ವರ್ಷ ಅಲ್ಲಿಂದ ಎಣಿಸಬೇಕು ಎಂದು ಮಾಲೀಕರು ಹೇಳಿದರೆ ಹೆದರಬೇಡಿ. ಸುಣ್ಣ ಬಳಿದು ಟೈಲ್ಸ್ ಹಾಕಿಸಿದ್ದು ಲೆಕ್ಕಕ್ಕಿಲ್ಲ, ಬಹುಪಾಲು ಹೊಸದಾಗಿ ಕಟ್ಟಿರಬೇಕು.

ವಿನಾಯಿತಿ ಇರುವ ಜಾಗಕ್ಕೆ ಆಸ್ತಿ ವರ್ಗಾವಣೆ ಕಾಯ್ದೆ ಅನ್ವಯಿಸುತ್ತದೆ. ತಿಂಗಳ ಬಾಡಿಗೆಗೆ ಅದರ 106ನೇ ಕಲಮಿನ ಪ್ರಕಾರ 15 ದಿನದ ನೋಟಿಸ್ ಸಾಕು. ಆದರೆ ನೋಟಿಸ್ ಕೊಟ್ಟರೆ ಬೀಗ ಹಾಕುವ ಹಕ್ಕು ಬಂತು ಅಂತಲ್ಲ! ಅವರು ದಾವೆ ಹಾಕಿ, ಆದೇಶ ಪಡೆದು, ಕೋರ್ಟಿನ ಮೂಲಕವೇ ಬಿಡಿಸಬೇಕು. ನಿಮ್ಮ ಮಿಷನ್ನು, ಗಿರಾಕಿಗಳ ಬಟ್ಟೆ ಒಳಗಿರುವಾಗ ಬೀಗ ಬಿದ್ದರೆ ನಿಮ್ಮ ಗತಿ ಏನು ಎಂಬ ಚಿಂತೆ ನನಗೂ ಇದೆ. ಬೆದರಿಕೆ ಜಾಸ್ತಿಯಾದರೆ ತಡೆಯಾಜ್ಞೆಗೆ ಅರ್ಜಿ ಹಾಕಿ. ಹೊರಗೆ ಹಾಕಿಯೇ ಬಿಟ್ಟರೆ 6 ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ವಾಪಸ್ ಕೇಳಬಹುದು. ಬಾಡಿಗೆ ಮಾತ್ರ ಒಂದು ತಿಂಗಳೂ ತಪ್ಪಿಸಬೇಡಿ. ಅವರು ತೆಗೆದುಕೊಳ್ಳದಿದ್ದರೆ ಮನಿಯಾರ್ಡರ್ ಕಳಿಸಿ ರಸೀದಿ ಇಟ್ಟುಕೊಳ್ಳಿ.

ನೋಟಿಸಿಗೆ ವಕೀಲರ ಮೂಲಕ ತಡಮಾಡದೆ ಉತ್ತರ ಕೊಡಿ. ಜೊತೆಗೆ ರಾಜಿಗೂ ಕೂತು ಮಾತಾಡಿ. ಶಾಲೆ ಯೂನಿಫಾರ್ಮಿನ ಹಂಗಾಮು ಮುಗಿಯುವವರೆಗೆ ಸಮಯ ಕೇಳುವುದರಲ್ಲಿ ತಪ್ಪಿಲ್ಲ. ಹತ್ತಿರದಲ್ಲೇ ಬೇರೆ ಅಂಗಡಿ ಸಿಕ್ಕರೆ ಗಿರಾಕಿಗಳು ಉಳಿಯುತ್ತಾರೆ, ಅದನ್ನು ಈಗಲೇ ನೋಡಿ. ಬಿಡಲು ಒಪ್ಪಿದರೆ, ಕೀಲಿ ಕೊಡುವ ದಿನವೇ ನಿಮ್ಮ 40,000 ಅಡ್ವಾನ್ಸ್ ಪೂರ್ತಿ ಕೈಗೆ ಬರಬೇಕು ಎಂದು ಬರೆಸಿ ಇಬ್ಬರೂ ಸಹಿ ಹಾಕಿ.