ಪ್ರತಿಕ್ರಿಯೆ: ಕೆರೆಯ ಬೇಡಿಕೆ ಗ್ರಾಮಸಭೆಗೂ ಮೊದಲೇ ಹುಟ್ಟಬೇಕು
ಮಾನ್ಯರೇ, ನಿಮ್ಮೂರಿನ ಗ್ರಾಮಸಭೆಯಲ್ಲಿ ಮೊದಲೇ ಸಿದ್ಧವಾದ ಕಾಮಗಾರಿಗಳ ಪಟ್ಟಿಯನ್ನು ಓದಿ ಮುಗಿಸುತ್ತಾರೆ, ಹೀಗಿರುವಾಗ ಕೆರೆಯ ಹೂಳೆತ್ತುವ ಬೇಡಿಕೆಯನ್ನು ಯೋಜನೆಗೆ ಸೇರಿಸುವುದು ಹೇಗೆ ಎಂದು ಕೇಳಿದ್ದೀರಿ. ಗ್ರಾಮಸಭೆಯವರೆಗೆ ಕಾಯಬೇಡಿ ಎಂಬುದೇ ನನ್ನ ಮೊದಲ ಸಲಹೆ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ, ಅಂದರೆ ಒಂದು ವಾರ್ಡಿನ ಮತದಾರರ ಸಭೆ, ಸೇರಬೇಕು. ಬೇಡಿಕೆಗಳು ಆದ್ಯತೆ ಪಡೆದು ಗ್ರಾಮಸಭೆಗೆ ಬರಬೇಕಾದದ್ದು ಅಲ್ಲಿಂದಲೇ.

ವಾರ್ಡ್ ಸಭೆಗೆ ಮುಂಚೆ ಊರಿನವರನ್ನು ಕೆರೆಯ ಏರಿಯ ಬಳಿ ಸೇರಿಸಿ, ಕೆರೆ, ನೀರು ಬಿಡುವ ತೂಬು, ಹೆಚ್ಚಾದ ನೀರು ಹರಿದುಹೋಗುವ ಕೋಡಿ, ನೀರು ತರುವ ಕಾಲುವೆ, ಕೆರೆಯ ನೀರುಣ್ಣುವ ಅಚ್ಚುಕಟ್ಟು ಜಮೀನುಗಳ ನಕ್ಷೆಯನ್ನು ರಂಗೋಲಿ ಪುಡಿಯಿಂದ ನೆಲದ ಮೇಲೆ ಅವರಿಂದಲೇ ಬಿಡಿಸಿ. ಕೆರೆಯ ನೀರನ್ನು ಹೊಲಗದ್ದೆಗಳಿಗೆ ಹಂಚುವ ನೀರುಗಂಟಿ ಮನೆತನದ ಹಿರಿಯರು, ಕುರಿ ಮೇಯಿಸುವವರು, ಬಟ್ಟೆ ಒಗೆಯಲು ಬರುವ ಹೆಂಗಸರು ತೋರಿಸಿಕೊಡುವ ಎಷ್ಟೋ ಸಂಗತಿಗಳು ಎಂಜಿನಿಯರರ ಅಂದಾಜುಪಟ್ಟಿಯಲ್ಲಿ ಇರುವುದಿಲ್ಲ. ಹೂಳಿಗಿಂತ ಹೆಚ್ಚಾಗಿ ಮುಚ್ಚಿಹೋದ ಕಾಲುವೆಯೇ ಕೆರೆ ತುಂಬದಿರಲು ಕಾರಣವೆಂಬುದು ಅಲ್ಲಿಯೇ ತಿಳಿದುಬರಬಹುದು. ವಾರ್ಡ್ ಸಭೆಯನ್ನು ಕೂಲಿಗೆ ಹೋಗುವವರು ಹಿಂದಿರುಗಿದ ಮೇಲೆ ನಡೆಸುವಂತೆ ದಯವಿಟ್ಟು ಒತ್ತಾಯಿಸಿ, ಏಕೆಂದರೆ ಕೆರೆಯನ್ನು ಹೆಚ್ಚು ನೆಚ್ಚಿಕೊಂಡವರು ಅವರೇ. ನಿರ್ಣಯವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ದೃಢೀಕೃತ ಪ್ರತಿಯನ್ನು ಪಡೆದು, ಅದನ್ನು ಹಿಡಿದೇ ಗ್ರಾಮಸಭೆಗೆ ಹೋಗಿ.