ಎಲ್‌ಇಡಿ ಹೆಡ್‌ಲೈಟ್ ಮೇಲೆ ಹಿಮ ಕೂರುವುದೇಕೆ? ತಡೆಯುವುದು ಹೇಗೆ?

ಹಿಮ ಕೂರಬಾರದು ಅಂದರೆ ದೀಪದ ಮುಂದಿನ ಗಾಜು ಬೆಚ್ಚಗಿರಬೇಕು. ಹಳೆಯ ಹ್ಯಾಲೊಜೆನ್ ಬಲ್ಬಿನ ಕಾವು ಬೆಳಕಿನ ಜೊತೆಗೇ ಮುಂದಕ್ಕೆ ಹೋಗಿ ಗಾಜಿಗೆ ತಾಗುತ್ತಿತ್ತು, ಬಿದ್ದ ಹಿಮ ಕರಗಿ ಇಳಿಯುತ್ತಿತ್ತು. ಎಲ್‌ಇಡಿಯೂ ಬಿಸಿಯಾಗುತ್ತದೆ. ಆದರೆ ಆ ಬಿಸಿ ಹಿಂದಿರುವ ಅಲ್ಯೂಮಿನಿಯಂ ರೆಕ್ಕೆಗಳ ಮೂಲಕ ಹೊರಹೋಗುತ್ತದೆ, ಗಾಜು ತಣ್ಣಗೇ ಉಳಿಯುತ್ತದೆ.

ಅದಕ್ಕೇ ಕೆನಡಾದಂಥ ಕಡೆ ಟ್ರಕ್ಕುಗಳಿಗೆ ಗಾಜಿನಲ್ಲೇ ಕೂದಲೆಳೆಯಂಥ ತಂತಿ ಇರುವ ಹೆಡ್‌ಲೈಟ್ ಸಿಗುತ್ತದೆ. ಚಳಿ ಜಾಸ್ತಿಯಾದರೆ ತಂತಿ ತಾನೇ ಬಿಸಿಯಾಗುತ್ತದೆ. ಹಿಮದ ಊರಲ್ಲಿ ದಿನಾ ಓಡಿಸುವವರು ಇದನ್ನೇ ಹಾಕಿಸಿ.

ನಿಮ್ಮ ಗಾಡಿಯಲ್ಲಿ ಅದು ಇಲ್ವಾ? ಮೇಣ ಹಚ್ಚಿದರೆ ಅಂಟುವುದು ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೇ. ನಡುನಡುವೆ ನಿಲ್ಲಿಸಿ ಮೆತ್ತನೆಯ ಬ್ರಷ್‌ನಿಂದ ಒರೆಸಿ, ಹಿಂದಿನ ದೀಪವನ್ನೂ ಮರೆಯಬೇಡಿ. ಕೆರೆಯಲೇಬೇಡಿ. ಗಾಜು ಅಂತೀವಿ, ಆದರೆ ಅದು ಪ್ಲಾಸ್ಟಿಕ್, ಗೀರು ಬೀಳುತ್ತದೆ.